ಹಿಡಿದು ಬಿಡುವ ಸುಖ

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಯಾವ ವಾಸ್ತುಪಂಡಿತ ಸಲಹೆ ಕೊಟ್ಟನೋ, ಹಾರ್ಲೆಮ್ ಮೀರ್ ಕೆರೆ ಸರಿಯಾಗಿ ಈಶಾನ್ಯ ಮೂಲೆಯಲ್ಲೇ ಇದೆ! ದಡದ ಡಾನಾ ಕೇಂದ್ರದಲ್ಲಿ ಗಾಳದ ಕೋಲು ಪುಕ್ಕಟೆ ಎರವಲು ಸಿಗುತ್ತದೆ. ಎರೆಗೆ ಮೆಕ್ಕೆಜೋಳದ ಕಾಳು. ದೊಡ್ಡಬಾಯಿಯ ಬಾಸ್ ಮೀನು ಅಪ್ಪಟ ಮಾಂಸಾಹಾರಿ, ಜೋಳ ಕಂಡರೆ ಮುಖ ತಿರುಗಿಸುತ್ತದೆ. ಕಾರ್ಪ್ ಮಾತ್ರ ಮದುವೆಯೂಟಕ್ಕೆ ಬಂದ ದೂರದ ನೆಂಟನಂತೆ, ತಳದಲ್ಲಿ ತಡಕಾಡಿ ಸಿಕ್ಕಿದ್ದನ್ನೆಲ್ಲ ರುಚಿ ನೋಡುತ್ತದೆ.

ಇನ್ನು ನಿಯಮ ಕೇಳಿ: ಗಾಳಕ್ಕೆ ಹಿಮ್ಮುಖ ಮುಳ್ಳಿರಬಾರದು, ಸೀಸದ ಗುಂಡು ಕಟ್ಟಬಾರದು, ಹಿಡಿದ ಮೀನನ್ನು ನೀರಿಗೇ ಬಿಡಬೇಕು. ಮಸಾಲೆ ಅರೆದಿಟ್ಟು ಕಾಯುವ ಮಂಗಳೂರಿನ ಅಮ್ಮನಿಗೆ ಇದನ್ನು ವಿವರಿಸಿ ನೋಡಿ! "ಪದಾರ್ಥಕ್ಕಾಗದ ಮೀನಿಗೆ ಇಡೀ ಮಧ್ಯಾಹ್ನವಾ ಮಗಾ?" ಎಂದಾರು. ಮೀನಿನ ಲೆಕ್ಕದಲ್ಲಿ ಮಾತ್ರ ನಷ್ಟವೇ ಇಲ್ಲ: ಪುಕ್ಕಟೆ ಜೋಳ, ಒಂದು ಫೋಟೊ, ಮತ್ತೆ ಮನೆಗೆ ವಾಪಸ್.