ಎಸ್‌ಟಿ 7920 ಚಿಪ್ಪಿನವರಿಗೆ ಒಂದು ಬಹಿರಂಗ ಪತ್ರ

ಮಹಾರಾಜಶ್ರೀ ಎಸ್‌ಟಿ 7920 ಅವರ ಸನ್ನಿಧಾನಕ್ಕೆ,

ಉಭಯ ಕುಶಲೋಪರಿ ಸಾಂಪ್ರತ. 128×64 ಚುಕ್ಕಿಗಳ ಎಲ್‌ಸಿಡಿ ಗಾಜಿನ ಹಿಂದೆ ಕೂತು ಅಕ್ಷರ ಮೂಡಿಸುವ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ತಮ್ಮ ಪಾಂಡಿತ್ಯದ ಬಗ್ಗೆ ಎರಡು ಮಾತಿಲ್ಲ. ಕಾರ್ಖಾನೆಯಿಂದ ಹೊರಬೀಳುವಾಗಲೇ 8,192 ಚೀನೀ ಅಕ್ಷರಗಳು ತಮಗೆ ಬಾಯಿಪಾಠ. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಎಂದು ಇನ್ನೂ 126. ಹೊಲದ ಬದುವಿನ ಮೋಟರ್ ಪೆಟ್ಟಿಗೆಯಲ್ಲಿ ಕೂತು ಧೂಳು ಕುಡಿಯುವಾಗಲೂ ಅದರಲ್ಲಿ ಒಂದಕ್ಷರ ಮರೆಯುವವರಲ್ಲ ತಾವು. ರೈತನಿಗೆ ಅದರಲ್ಲಿ ಒಂದಕ್ಷರವೂ ಬೇಡ ಎಂಬುದು ಬೇರೆ ಮಾತು.

ಹಾಗೆಂದು ಪರಭಾಷೆಯವರನ್ನು ತಾವು ಬರಿಗೈಲಿ ಕಳಿಸಿಲ್ಲ. ಬೇಕಾದ ಅಕ್ಷರ ಬರೆದುಕೊಳ್ಳಿ ಎಂದು ನಾಲ್ಕು ಗೂಡು ಬಿಟ್ಟಿದ್ದೀರಿ. ಒಂದೊಂದೂ 16×16 ಚುಕ್ಕಿ, 32 ಬೈಟು. ಈ ಔದಾರ್ಯವನ್ನು ನಮ್ಮ ಜಿಲ್ಲೆಗಳ ಮೇಲೆ ಪ್ರಯೋಗಿಸಿ ನೋಡಿದೆ. ಗದಗಕ್ಕೆ ಎರಡೇ ಗೂಡು ಸಾಕು, ಎರಡು ಉಳಿತಾಯ. ಹಾಸನಕ್ಕೆ ಮೂರು. ಕೊಂಚ ಹೊಟ್ಟೆ ಒಳಗೆಳೆದುಕೊಂಡರೆ ಬೆಂಗಳೂರು ನಾಲ್ಕರಲ್ಲಿ ಕೂರುತ್ತದೆ. ದಾವಣಗೆರೆ ಒಂದಕ್ಷರದಿಂದ ಹೊರಗುಳಿಯಿತು. ಚಾಮರಾಜನಗರಕ್ಕೆ ಏಳು ಬೇಕು; ಆ ಕಡೆಯವರಿಗೆ ನಾನಿನ್ನೂ ವಿಷಯ ತಿಳಿಸಿಲ್ಲ. ಪರದೆಯ ಮೇಲೆ ‘ನೀರಿಲ್ಲ’ ಎಂದು ಧಾರಾಳವಾಗಿ ಹೇಳಬಹುದು, ‘ಕರೆಂಟ್ ಇದೆ’ ಎನ್ನಲಾಗದು.

ಕರೆಂಟು ಹೋದರಂತೂ ಆ ನಾಲ್ಕೂ ಗೂಡು ಖಾಲಿ. ಬಂದಾಗಲೆಲ್ಲ ತಮಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸಬೇಕು, ಅಕ್ಕಿಯ ತಟ್ಟೆಯೊಂದಿಲ್ಲ ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಈ ಶುಭಕಾರ್ಯ ದಿನಕ್ಕೆಷ್ಟು ಸಲ ನಡೆದೀತೆಂದು ತಾವೇ ಊಹಿಸಿ.

ಗೂಡಿನ ಗೊಡವೆ ಬಿಟ್ಟು ಗ್ರಾಫಿಕ್ ಮೋಡ್‌ಗೆ ಹೋಗಿ ಎನ್ನುತ್ತಾರೆ ಬಲ್ಲವರು. ಹೋಗಬಹುದು. ಇಡೀ ಪರದೆಯ ಚಿತ್ರಕ್ಕೆ 1,024 ಬೈಟು. ಹಳೆಯ ಮಾದರಿಯ ಆರ್ಡುಯಿನೊ ಊನೊ ಬೋರ್ಡಿನ ರ್ಯಾಮ್ ಇರುವುದೇ 2,048. ಅರ್ಧ ಆಸ್ತಿ ಅಲ್ಲಿಗೇ ಹೋಯಿತು. ಪರದೆಯನ್ನು ಪಟ್ಟಿಪಟ್ಟಿಯಾಗಿ ಬರೆದು ಜಾಗ ಉಳಿಸುವ ಯು8ಜಿ2 ಲೈಬ್ರರಿ ಇದೆ, ಪುಣ್ಯವಂತರ ಕೆಲಸ. ಫಾಂಟನ್ನು ಬಿಡಿಎಫ್ ಎಂಬ ಚುಕ್ಕಿಚಿತ್ರದ ರೂಪಕ್ಕೆ ಇಳಿಸಿ, ಸಿ ಭಾಷೆಯ ಅಂಕಿಗಳ ಸಾಲಾಗಿಸಿ, ಬೋರ್ಡಿಗೆ ಅಪ್‌ಲೋಡ್ ಮಾಡಿ ‘ಸ್ತ್ರೀ’ ಎಂದು ಬರೆಸಿ ನೋಡಿ. ಯುನಿಕೋಡ್‌ನಲ್ಲಿ ಅದು ಆರು ಸಂಕೇತ. ಆರೂ ರೇಷನ್ ಅಂಗಡಿಯ ಕ್ಯೂ ಹಾಗೆ ಒಂದರ ಪಕ್ಕ ಒಂದು ನಿಂತುಬಿಡುತ್ತವೆ. ಯಾವುದು ಯಾರ ಕೆಳಗೆ ಒತ್ತಾಗಬೇಕೆಂದು ಫೋನಿನಲ್ಲಾದರೆ ಹಾರ್ಫ್‌ಬಜ್‌ನಂಥ ದೊಡ್ಡ ತಂತ್ರಾಂಶ ತೀರ್ಮಾನಿಸುತ್ತದೆ. ಪ್ರೋಗ್ರಾಂ ಇಡುವ ಜಾಗವೇ 32 ಕಿಲೋಬೈಟಾಗಿರುವ ಈ ಬೋರ್ಡಿನ ಬಡವನ ಮನೆಗೆ ಅಂಥ ಅತಿಥಿಯನ್ನು ಕರೆಯಲಾದೀತೆ?

ಆದ್ದರಿಂದ ನಾವು ಇಡೀ ಮಾತನ್ನೇ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಅಂಟಿಸಿ, ಕನ್ನಡ ಫಾಂಟ್ ಹಾಕಿದೆವು ಎಂದು ಬೀಗುತ್ತೇವೆ. ನನ್ನ ಮಟ್ಟಿಗೆ, ಯುನಿಕೋಡಿಗೆ ಮುಂಚಿನ ನುಡಿ, ಬರಹ ತಂತ್ರಾಂಶಗಳ ಹಳೆಯ ಉಪಾಯವೇ ಇಲ್ಲಿ ಮೇಲು: ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡು ಮಾಡಿ, ತುಂಡಿಗೊಂದು ಸಂಖ್ಯೆ ಕೊಟ್ಟು ಜೋಡಿಸುವುದು. ಪಂಡಿತರು ಕೈಬಿಟ್ಟ ಪದ್ಧತಿ ಚಿಕ್ಕ ಚಿಪ್ಪಿಗೆ ಚೆನ್ನಾಗಿ ಒಗ್ಗುತ್ತದೆ.

ತಮ್ಮನ್ನು ದೂರುತ್ತಿಲ್ಲ. ತಮ್ಮನ್ನು ಮಾಡಿದವರು ಮೊದಲು ಅವರ ನಾಡಿನವರು ಓದಲಿ ಎಂದು ಮಾಡಿದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಈ ಊರೂ ಜಗತ್ತಿಗೆಲ್ಲ ಚಿಪ್ ವಿನ್ಯಾಸ ಮಾಡಿಕೊಡುತ್ತಿದೆ. ಆದರೂ ಇಲ್ಲಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಕನ್ನಡ ಬರೋ ಡಿಸ್‌ಪ್ಲೇ ಇದೆಯಾ?’ ಎಂದು ಕೇಳಿದರೆ, ‘ನೀವೇ ಬರಸ್ಕೋಬೇಕು ಸಾರ್’ ಅನ್ನುತ್ತಾರೆ. ಪರರ ಕೆಲಸದ ಮಧ್ಯೆ ನಮ್ಮ ಕಾಗುಣಿತಕ್ಕೆ ಪುರುಸೊತ್ತಾಗಿಲ್ಲ.

ಸದ್ಯಕ್ಕೆ ಐದನೆಯ ಗೂಡೊಂದನ್ನು ದಯಪಾಲಿಸಿದರೆ ದಾವಣಗೆರೆಯವರು ಋಣಿಗಳಾಗಿರುತ್ತಾರೆ. ಚಾಮರಾಜನಗರದ ಅರ್ಜಿಯನ್ನು ಪ್ರತ್ಯೇಕವಾಗಿ ಕಳಿಸುತ್ತೇವೆ.

ಇಂತಿ ತಮ್ಮ ವಿಧೇಯ,
ಬೆಸುಗೆ ಕಡ್ಡಿ ಹಿಡಿದ ಒಬ್ಬ ಕನ್ನಡಿಗ