ಸ್ಥಳ ಮಹಜರಿಗೆ ಮುನ್ನ ಓದಬೇಕಾದ ಕೈಪಿಡಿ

ಈ ಕೈಪಿಡಿ ಕಳ್ಳರಿಗಲ್ಲ. ಅವರು ಆಗಲೇ ಕೈಗವಸು ಹಾಕಿಕೊಳ್ಳುವಷ್ಟು ಮುಂದುವರಿದಿದ್ದಾರೆ. ಕಳ್ಳ ಹೋದ ಮೇಲೆ ಬರುವವರಿಗಾಗಿ ಇದು: ನೆಂಟರು, ಅಕ್ಕಪಕ್ಕದವರು, ವಾರ್ಡಿನ ಮುಖಂಡರು, ಮೈಕ್ ಹಿಡಿದ ಚಾನೆಲ್ಲಿನವರು ಮತ್ತು ಎಲ್ಲರಿಗಿಂತ ಮೊದಲು ತಲುಪುವ ಠಾಣೆಯ ಸಿಬ್ಬಂದಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗಬಲ್ಲ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಬರಬೇಕು; ಈ ಏರ್ಪಾಡಿಗೆ ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ತಜ್ಞರ ವ್ಯಾನು ಬಂದು ನಿಲ್ಲುವಷ್ಟರಲ್ಲಿ ಅವರಿಗೆ ಕೆಲಸವೇ ಉಳಿದಿರಬಾರದು. ಅದಕ್ಕೆ ಈ ಸೂಚನೆಗಳು.

ಮೊದಲು ಒಳಗೆ ಹೋಗಿ. ಟೇಪು ಅಡ್ಡ ಕಟ್ಟಿದ್ದರೆ ಎತ್ತಿ ನುಸುಳಿ, ಅದು ಕಟ್ಟಿರುವುದು ನಿಮಗಿಂತ ಸಣ್ಣವರಿಗೆ. ಚಪ್ಪಲಿ ಬಿಡುವುದೋ ಬೇಡವೋ ಎಂಬ ಅನುಮಾನ ಬಂದರೆ ಹಾಕಿಕೊಂಡೇ ಹೋಗಿ. ಫ್ರಾನ್ಸಿನ ಲಿಯಾನ್ ಊರಿನಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಕಂಡುಕೊಂಡದ್ದು ಇಷ್ಟೆ: ಯಾರೇ ಎಲ್ಲಿಗೆ ಹೋದರೂ ತಮ್ಮದೇನನ್ನೋ ಅಲ್ಲಿ ಬಿಟ್ಟು, ಅಲ್ಲಿಯದೇನನ್ನೋ ಹೊತ್ತುಕೊಂಡು ಬರುತ್ತಾರೆ. ಅವನ ತಲೆಯಲ್ಲಿದ್ದದ್ದು ಅಪರಾಧಿ. ನಲವತ್ತು ಜನ ಹೊಕ್ಕು ಬಂದರೆ ನಲವತ್ತು ಜನರದ್ದೂ ಅಲ್ಲಿ ಉಳಿಯುತ್ತದೆ, ಶ್ವಾನದಳದ ನಾಯಿ ಹೊಸ್ತಿಲಲ್ಲೇ ಕೂತು ಹ್ಯಾಂಡ್ಲರನ ಮುಖ ನೋಡುತ್ತದೆ.

ಬೀರುವಿನ ಬಗ್ಗೆ ತುಸು ವಿವರವಾಗಿ ಹೇಳಬೇಕು. ಕಳುವಾದ ಮನೆಯಲ್ಲಿ ಎಲ್ಲರ ಕೈ ಹೋಗುವುದೇ ಅದರ ಹಿಡಿಕೆಗೆ. ಚಿನ್ನ ಇದೆಯೋ ಹೋಯಿತೋ ಎಂದು ಯಜಮಾನರು ಒಮ್ಮೆ ತೆರೆಯುತ್ತಾರೆ. ನಂಬಿಕೆ ಬಾರದೆ ಯಜಮಾನಿ ಇನ್ನೊಮ್ಮೆ. "ಲಾಕರ್ ಒಳಗೆ ಸರಿಯಾಗಿ ನೋಡಿದ್ರಾ ಅತ್ತಿಗೆ?" ಎನ್ನುತ್ತ ಮೈದುನ ಮತ್ತೊಮ್ಮೆ. ಬೆವರು, ಜಿಡ್ಡು ಅಂಟಿದ ಬೆರಳಿನ ಗೆರೆಗಳು ನುಣುಪಾದ ಉಕ್ಕಿನ ಮೇಲೆ ಕಣ್ಣಿಗೆ ಕಾಣದಂತೆ ಕೂತಿರುತ್ತವೆ. ಬೆರಳಚ್ಚು ತಜ್ಞರು ಮೆತ್ತನೆಯ ಬ್ರಷ್ಷಿನಿಂದ ಪುಡಿ ಸವರಿ ಅವನ್ನು ಟೇಪಿಗೆ ಎತ್ತಿಕೊಳ್ಳುತ್ತಾರೆ. ಒಂದರ ಮೇಲೊಂದು ಐದು ಜನರ ಗುರುತು ಬಿದ್ದಲ್ಲಿ ಟೇಪಿಗೆ ಏಳುವುದು ಬರೀ ಮಸಿ.

ಈ ವಿದ್ಯೆಯಲ್ಲಿ ನಾವೇನೂ ಹಿಂದುಳಿದವರಲ್ಲ. ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ಶುರುವಾದದ್ದು 1897ರಲ್ಲಿ. ಹತ್ತು ಬೆರಳಿನ ಗುರುತುಗಳನ್ನು 1,024 ಗೂಡುಗಳಲ್ಲಿ ವಿಂಗಡಿಸುವ ಲೆಕ್ಕದ ಹಿಂದೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಹೆಸರು ಮಾತ್ರ ಸಾಹೇಬರದು, ಎಡ್ವರ್ಡ್ ಹೆನ್ರಿಯದು. (ಇಲಾಖೆಗಳಲ್ಲಿ ಕೆಲವು ಸಂಪ್ರದಾಯ ಎಷ್ಟು ವರ್ಷವಾದರೂ ಮಾಸುವುದಿಲ್ಲ.) ಜಲಪೈಗುರಿಯ ಚಹಾ ತೋಟದ ಮ್ಯಾನೇಜರನ ಕೊಲೆ ಪ್ರಕರಣದಲ್ಲಿ, ಅವನ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲಿನ ಹೆಬ್ಬೆರಳ ಗುರುತು ಹಳೆಯ ಆಳನ್ನು ಹಿಡಿದುಕೊಟ್ಟಿತು. 1898ರಲ್ಲಿ ನ್ಯಾಯಾಲಯ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಆ ಪಂಚಾಂಗವನ್ನು ಯಾರೂ ಕೈಗೆತ್ತಿಕೊಂಡು ರಾಹುಕಾಲ ನೋಡಿರಲಿಲ್ಲವೆಂದು ಕಾಣುತ್ತದೆ.

ನೆಲ ತೊಳೆಯುವವರು ಬ್ಲೀಚಿಂಗ್ ಪೌಡರ್ ಬಳಸಿ. ರಕ್ತ ತಾಗಿದಲ್ಲಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಲ್ಯೂಮಿನಾಲ್, ಬ್ಲೀಚ್ ತಾಗಿದಲ್ಲೂ ಹೊಳೆಯುತ್ತದೆ. ಇನ್ನು ರಕ್ತ ಹತ್ತಿದ ಅಂಗಿ ಸಿಕ್ಕರೆ ಒಣಗಿಸುವ ಗೋಜಿಗೆ ಹೋಗದೆ ಪ್ಲಾಸ್ಟಿಕ್ ಕವರಿಗೆ ತುರುಕಿ ಗಂಟು ಹಾಕಿ. ತೇವಕ್ಕೆ ಬೂಷ್ಟು ಹಿಡಿದು ಡಿಎನ್‌ಎ ಕೊಳೆಯುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕೆಂದು ತರಬೇತಿಯಲ್ಲಿ ಹೇಳಿರುತ್ತಾರೆ ನಿಜ. ಆದರೆ ಲಕೋಟೆಗೆ ಇಂಡೆಂಟ್ ಹಾಕಬೇಕು, ಕವರು ಪಕ್ಕದ ಬೇಕರಿಯಲ್ಲಿ ಪುಕ್ಕಟೆ ಸಿಗುತ್ತದೆ.

ಸಿಸಿಟಿವಿ ಇದ್ದರೆ ಅಂಗಡಿಯವನಿಗೆ "ಮುಂದಿನ ವಾರ ಬರ್ತೀವಿ" ಎಂದು ಹೇಳಿ ಹೊರಡಿ. ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ, ಉಳಿದ ಕೆಲಸ ಅದೇ ಮಾಡುತ್ತದೆ. ಅದರ ಗಡಿಯಾರ ಹೆಚ್ಚಾಗಿ ಹಿಂದೆಮುಂದೆ ಇರುತ್ತದೆ. ತಿಳಿದ ಪೇದೆಯಾದರೆ ಮಾನಿಟರಿನ ಪಕ್ಕ ಮೊಬೈಲ್ ಹಿಡಿದು, ಎರಡೂ ಸಮಯ ಕಾಣುವಂತೆ ಫೋಟೊ ತೆಗೆದು, ವ್ಯತ್ಯಾಸವನ್ನು ಮಹಜರಿನಲ್ಲಿ ಬರೆಸುತ್ತಾನೆ. ಅಂಥವನನ್ನು ಬಂದೋಬಸ್ತಿಗೆ ಕಳಿಸಿ. ಪರದೆಯ ಮೇಲೆ ಓಡುವ ದೃಶ್ಯವನ್ನೇ ಫೋನಿನಲ್ಲಿ ಹಿಡಿದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಪ್ರಚಾರವೂ ಆಯಿತು. ಎಲೆಕ್ಟ್ರಾನಿಕ್ ಪ್ರತಿಗೆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತವಾಗಿ ಹೇಳಿತು. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಹ್ಯಾಶ್ ವ್ಯಾಲ್ಯೂ ನಮೂದಿಸಿ ತಜ್ಞರ ಸಹಿಯನ್ನೂ ಹಾಕಿಸಬೇಕು. ಹ್ಯಾಶ್ ವ್ಯಾಲ್ಯೂ ಎಂದರೆ ಫೈಲಿನ ಬೆರಳಚ್ಚು, ಒಂದು ಚುಕ್ಕೆ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ಆ ಕಲಂ ಖಾಲಿ ಬಿಡಿ.

ಸತ್ಯ ಹೇಳಿಸುವ ಇಂಜೆಕ್ಷನ್ನಿನ ಆಸೆ ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ಮಂಪರು ಪರೀಕ್ಷೆಗೆ ಬೆಂಗಳೂರು ದೇಶಕ್ಕೇ ಹೆಸರಾಗಿದ್ದ ಕಾಲವಿತ್ತು; ನಕಲಿ ಛಾಪಾಕಾಗದ ಹಗರಣದ ತೆಲಗಿ ಮಂಪರಿನಲ್ಲಿ ತೊದಲುವುದನ್ನು ಜನ ಟಿವಿಯಲ್ಲೇ ನೋಡಿದರು. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಕೂಡದು ಎಂದಿತು. ಔಷಧಿ ಕೊಟ್ಟು ಬಾಯಿ ಬಿಡಿಸುವುದನ್ನು ವಿಜ್ಞಾನವೆಂದು ಕರೆದದ್ದೇ ಮೊದಲ ತಪ್ಪು ಎನ್ನಬೇಕು.

ದೋಷ ಪರಿಹಾರ: ಇಷ್ಟೆಲ್ಲ ಪಾಲಿಸಿಯೂ ಎಲ್ಲೋ ಒಂದು ಬೆರಳಚ್ಚು ಸ್ಪಷ್ಟವಾಗಿ ಉಳಿದುಬಿಟ್ಟರೆ ಗಾಬರಿ ಬೇಡ. ಅದನ್ನಿಟ್ಟ ಲಕೋಟೆಯ ಅರಗಿನ ಮೇಲೊತ್ತಿದ ಮುದ್ರೆಯ ಅಕ್ಷರವೂ ಮಹಜರಿನಲ್ಲಿ ಬರೆದ ಅಕ್ಷರವೂ ಬೇರೆಬೇರೆ ಇರಲಿ. ಪಂಚರನ್ನು ಠಾಣೆಯೆದುರಿನ ಟೀ ಅಂಗಡಿಯಿಂದಲೇ ಕರೆತನ್ನಿ. ವಿಚಾರಣೆಯ ದಿನ "ಸೈನ್ ಮಾಡು ಅಂದ್ರು ಸ್ವಾಮಿ, ಮಾಡ್ದೆ" ಎನ್ನುತ್ತಾರೆ. ತನಿಖಾಧಿಕಾರಿಗೆ ಅಷ್ಟರಲ್ಲಿ ಮೂರು ವರ್ಗಾವಣೆ ಆಗಿರುತ್ತದೆ. ಸಮನ್ಸ್ ಮೊದಲಿನ ಠಾಣೆಗೇ ಹೋಗಲಿ.