ಜೀಪುಸಂಪಾದನಾ ಶಾಸ್ತ್ರ: ಶಿರೋಳ ಸೀಮೆಯ ಜೋಡಿಸಿದ ಗಾಡಿಗಳ ಪಾಠನಿರ್ಣಯ

ಕನ್ನಡದಲ್ಲಿ ಗ್ರಂಥಸಂಪಾದನೆ ಬೆಳೆದಷ್ಟು ಜೀಪುಸಂಪಾದನೆ ಬೆಳೆದಿಲ್ಲವೆಂಬುದು ವಿದ್ವಲ್ಲೋಕಕ್ಕೆ ಶೋಭೆ ತರುವ ಸಂಗತಿಯಲ್ಲ. ಓಲೆಗರಿಯ ಪಾಠಾಂತರ, ಲಿಪಿಕಾರನ ಕೈತಪ್ಪು, ನಡುವೆ ಯಾರೋ ತುರುಕಿದ ಪ್ರಕ್ಷಿಪ್ತ ಪದ್ಯ ಇವನ್ನೆಲ್ಲ ಹೇಗೆ ಹಿಡಿಯಬೇಕೆಂದು ಡಿ.ಎಲ್. ನರಸಿಂಹಾಚಾರ್ಯರು ಇಡೀ ಒಂದು ಪುಸ್ತಕವನ್ನೇ ಬರೆದಿಟ್ಟರು. ಆದರೆ ಕಡಲೆ ಮಾರಿದ ರೊಕ್ಕವನ್ನು ಒಳಕಿಸೆಯಲ್ಲಿಟ್ಟುಕೊಂಡ ರೈತನೊಬ್ಬ, ಮೂರು ಗಾಡಿಗಳ ಸಾಮಾನು ಕೂಡಿಸಿ ಕಟ್ಟಿದ ಜೀಪಿನ ಮುಂದೆ ಬಂದು ನಿಂತಾಗ ಅವನ ಕೈಗೆ ಕೊಡಲು ಒಂದು ಆಕರಗ್ರಂಥವಿಲ್ಲ. ಇರುವವನು ಸೋದರಮಾವ ಒಬ್ಬನೇ. ಯಾವ ಗಾಡಿ ತೋರಿಸಿದರೂ ಅವನ ಅಭಿಪ್ರಾಯ ಬದಲಾಗುವುದಿಲ್ಲ: "ತಗೋ ಅತ್ಲಾಗ, ಹೊಗಿ ಬಂದ್ರ ಬರ್ಲಿ." ಮೌಖಿಕ ಪರಂಪರೆಗೆ ಪ್ರಸ್ತುತ ಲೇಖಕನ ಗೌರವವಿದೆ. ಆದರೂ ಶಾಸ್ತ್ರವೆಂಬುದು ಬೇಕು.

ಕ್ಷೇತ್ರನಿರ್ಣಯ

ಮೊದಲು ಯಾವ ಶಿರೋಳ ಎಂಬ ವಿವಾದ ಇತ್ಯರ್ಥವಾಗಲಿ. ಮುಧೋಳ ತಾಲ್ಲೂಕಿನಲ್ಲೊಂದು ಶಿರೋಳವಿದೆ. ಕೊಲ್ಹಾಪುರ ಜಿಲ್ಲೆಯಲ್ಲಿ ಶಿರೋಳವೆಂಬ ತಾಲ್ಲೂಕೇ ಇದೆ. ಇವೆರಡೂ ಕಬ್ಬಿನ ಸೀಮೆ. ಕಬ್ಬಿನ ಬಿಲ್ಲು ಬಂದ ವರ್ಷ ಅಲ್ಲಿಯವರು ಶೋರೂಮಿಗೇ ಹೋಗುತ್ತಾರಾದ್ದರಿಂದ ಅವರಿಗೆ ಈ ಶಾಸ್ತ್ರದ ಅಧಿಕಾರವಿಲ್ಲ. ನಮ್ಮ ವಿಷಯ ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಶಿರೋಳ. ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯ ಶಿರೋಳ. ಅಪ್ಪಟ ಎರೆ ಸೀಮೆ. ಮಹದಾಯಿ ನೀರಿಗಾಗಿ 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಕೂತ ಸೀಮೆ. ನೀರು ಬರುವುದೆಂಬ ಭರವಸೆಯ ಮೇಲೆ ಬಜೆಟ್ ಹಾಕುವ ಪದ್ಧತಿ ಇಲ್ಲಿ ಮನೆಗಳಲ್ಲಿಲ್ಲ, ಸರಕಾರದಲ್ಲಿ ಮಾತ್ರ ಇದೆ.

ಈ ಎರೆಮಣ್ಣೇ ನಮ್ಮ ಶಾಸ್ತ್ರಕ್ಕೆ ಮೂಲ ಕಾರಣ. ಒಂದು ಹದ ಮಳೆಯಾದ ಮೇಲೆ ಹೊಲದ ದಾರಿಗೆ ಬೈಕ್ ಇಳಿಸಿದರೆ ಮಣ್ಣು ಗಾಲಿಗೆ ಅಂಟುತ್ತ ಅಂಟುತ್ತ ಮಡ್‌ಗಾರ್ಡಿನೊಳಗೆ ಗಚ್ಚು ಹಾಕಿದಂತೆ ಕೂತುಬಿಡುತ್ತದೆ. ಗಾಲಿ ತಿರುಗುವುದಿಲ್ಲ, ಸವಾರ ಕಡ್ಡಿ ಹುಡುಕುತ್ತಾನೆ. ಹೊಸ ನಮೂನೆಯ ಕಾರು ಹೊಟ್ಟೆ ಊರಿ ಅಲ್ಲೇ ಮಲಗುತ್ತದೆ. ಟ್ರ್ಯಾಕ್ಟರ್ ಹೋಗುತ್ತದೆ, ನಿಜ. ಆದರೆ ಬೀಗರನ್ನು ಟ್ರೇಲರಿನಲ್ಲಿ ಕೂರಿಸಿ ಕರೆತಂದ ಮನೆಗೆ ಮುಂದೆ ಹೆಣ್ಣು ಕೊಡುವವರು ಕಡಿಮೆ. ಹೀಗೆ ಒಂದೊಂದನ್ನೇ ಹೊಡೆದುಹಾಕುತ್ತ ಬಂದರೆ ಕೊನೆಗೆ ಜೀಪೇ ಉಳಿಯುತ್ತದೆ.

ಬಜೆಟ್ಟಿನ ಲಕ್ಷಣ: ಕಡಲೆ ಮಾರಿ ಬಂದುದರಲ್ಲಿ ಸೊಸೈಟಿ ಸಾಲ, ಗೊಬ್ಬರದಂಗಡಿಯ ಉದ್ರಿ, ಮಗಳ ಹಾಸ್ಟೆಲ್ ಫೀಸು, ಮದುವೆ ಸೀಜನ್ನಿನ ಆಯೇರಿ ಇಷ್ಟನ್ನು ಕಳೆದರೆ ಉಳಿಯುವುದು ಬಜೆಟ್. ಏನೂ ಉಳಿಯದಿದ್ದರೆ ಅದಕ್ಕೆ ಫೈನಾನ್ಸ್ ಎನ್ನುತ್ತಾರೆ.

ಪೂರ್ವಪಕ್ಷ ಮತ್ತು ಅದರ ಖಂಡನೆ

ಕೂಡಿಸಿ ಕಟ್ಟಿದ ಗಾಡಿ ಅಸಲಿ ಗಾಡಿಯಲ್ಲ ಎಂದು ಪೂರ್ವಪಕ್ಷದವರು, ಅಂದರೆ ಅಳಿಯಂದಿರು, ವಾದಿಸುತ್ತಾರೆ. ಇದಕ್ಕೆ ಇತಿಹಾಸದ ಆಧಾರವಿಲ್ಲ. ಮಹೀಂದ್ರಾದವರು 1949ರಲ್ಲಿ ಮುಂಬಯಿಯ ಮಝಗಾಂವ್‌ನಲ್ಲಿ ಮೊದಲ ಜೀಪು ಹೊರಬಿಟ್ಟಾಗ ಮಾಡಿದ್ದಾದರೂ ಏನು? ಅಮೆರಿಕದ ವಿಲ್ಲೀಸ್ ಕಂಪನಿಯಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಕೂಡಿಸಿದ್ದು. ಆದಿಯಲ್ಲಿಯೇ ಜೋಡಣೆ ಇತ್ತು. ನಮ್ಮ ಮೇಸ್ತ್ರಿ ಆ ಪರಂಪರೆಯನ್ನು ಮುಂದುವರಿಸಿದ್ದಾನೆ. ವ್ಯತ್ಯಾಸವೇನೆಂದರೆ ಅವನ ಪೆಟ್ಟಿಗೆಗಳು ಹಡಗಿನಲ್ಲಿ ಬರುವುದಿಲ್ಲ, ಹುಬ್ಬಳ್ಳಿಯ ಗುಜರಿಯಿಂದ ಬರುತ್ತವೆ.

ಇಂಗ್ಲೆಂಡಿನಲ್ಲಿ ಇದು ಸಭ್ಯರ ಹವ್ಯಾಸವಾಗಿತ್ತು. ಇಡೀ ಕಾರಿಗೆ ಖರೀದಿ ತೆರಿಗೆ, ಬಿಡಿಸಿಟ್ಟ ಕಾರಿಗೆ ಆ ತೆರಿಗೆ ಇಲ್ಲ ಎಂಬ ಕಾಯ್ದೆ ಅಲ್ಲಿತ್ತು. ಲೋಟಸ್ ಕಂಪನಿ ತನ್ನ 'ಸೆವೆನ್' ಕಾರನ್ನು 1957ರಿಂದ ಹೀಗೆ ಬಿಡಿಬಿಡಿಯಾಗಿ ಮಾರಿತು. ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ತೆರಿಗೆ ಬೀಳುತ್ತದೆಂದು ಬಿಚ್ಚುವ ಕ್ರಮವನ್ನು ಬರೆದುಕೊಡುತ್ತಿದ್ದರಂತೆ. ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದುತ್ತಿದ್ದರಂತೆ. ಕಥೆ ನಿಜವೋ ಸುಳ್ಳೋ, ತೆರಿಗೆ ತಪ್ಪಿಸಲು ಶಾಸ್ತ್ರವನ್ನು ತಿರುವಿ ಓದುವ ಜಾಣತನ ನಮಗೆ ಅಪರಿಚಿತವೇನಲ್ಲ. 1973ರಲ್ಲಿ ವ್ಯಾಟ್ ಬಂದು ಆ ಸುಖ ಮುಗಿಯಿತು.

ಕರ್ನಾಟಕವೂ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ಸಿಪಾನಿಯವರು ಎಪ್ಪತ್ತರ ದಶಕದಲ್ಲಿ 'ಬಾದಲ್' ಎಂಬ ಮೂರು ಗಾಲಿಯ ಕಾರು ತಂದರು. ಎಂಬತ್ತರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಕಾರಿನ ನಕ್ಷೆ ತಂದು 'ಡಾಲ್ಫಿನ್' ಮಾಡಿದರು. ಮೈಯೆಲ್ಲ ಫೈಬರ್ ಗ್ಲಾಸು, 848 ಸಿಸಿ ಎಂಜಿನ್ನು. ತುಕ್ಕು ಹಿಡಿಯುವ ಮಾತೇ ಇಲ್ಲ. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಜನ ತುಕ್ಕನ್ನೇ ಆರಿಸಿಕೊಂಡರು. ಶಿರೋಳದ ದೃಷ್ಟಿಯಿಂದ ಬಾದಲ್ ಬಗ್ಗೆ ಒಂದೇ ಮಾತು ಸಾಕು. ಎರೆಮಣ್ಣಿನ ಚಕ್ಕಡಿ ದಾರಿಯಲ್ಲಿ ಎರಡು ಜಾಡು ಇರುತ್ತವೆ, ನಡುವೆ ದಿಬ್ಬ. ಮೂರನೆಯ ಗಾಲಿ ಎಲ್ಲಿಗೆ ಹೋಗಬೇಕು?

ಉತ್ತರಪಾಠ, ದಕ್ಷಿಣಪಾಠ

ಮಹಾಭಾರತಕ್ಕಿರುವಂತೆ ಜೋಡಿಸಿದ ಜೀಪಿಗೂ ಎರಡು ಪಾಠಪರಂಪರೆಗಳಿವೆ. ಉತ್ತರಪಾಠದ ಕೇಂದ್ರ ಹರಿಯಾಣ–ಪಂಜಾಬ್ ಗಡಿಯ ಮಂಡಿ ಡಬ್ವಾಲಿ. ಸೈನ್ಯದವರು ಹರಾಜಿಗೆ ಹಾಕಿದ ಜೀಪುಗಳಿಂದ ಶುರುವಾದ ದಂಧೆ ಅದು. ಈಗ ಹೇಳಿದ ಬಣ್ಣಕ್ಕೆ, ಹೇಳಿದ ಅಳತೆಗೆ ಗಾಡಿ ಕಟ್ಟಿಕೊಡುತ್ತಾರೆ. ಈ ಪಾಠದಲ್ಲಿ ಅಲಂಕಾರ ಹೆಚ್ಚು: ಟ್ರ್ಯಾಕ್ಟರಿನಷ್ಟಗಲದ ಟೈರು, ಕನ್ನಡಿಯಂಥ ಬಂಪರು, ಮದುಮಗಳ ಸೀರೆಯ ಕೆಂಪು. ಮೊಬೈಲಿನಲ್ಲಿ ಫೋಟೋ ನೋಡಿದ ಹುಡುಗರು ಇದಕ್ಕೇ ಮರುಳಾಗುತ್ತಾರೆ. ಆದರೆ ಅಲ್ಲಿಂದ ಗದಗಿಗೆ ಬಂದ ಮೇಲೆ ಅದಕ್ಕೆ ಆ ರಾಜ್ಯದ ಎನ್‌ಒಸಿ ಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು, ಕೆಎ–26 ನಂಬರು ಆಗಬೇಕು. ಆ ಕಾಗದಗಳು ಬರುವ ಹೊತ್ತಿಗೆ ಕೆಂಪು ಮಾಸಿರುತ್ತದೆ, ಹುಡುಗನ ಮದುವೆಯೂ ಆಗಿರುತ್ತದೆ.

ದಕ್ಷಿಣಪಾಠವೆಂದರೆ ನಮ್ಮ ಕಡೆಯ ಗ್ಯಾರೇಜುಗಳದು. ಎಂಎಂ 540 ಒಂದರ ಚಾಸಿ, ಮತ್ತೊಂದರ ಗೇರ್ ಬಾಕ್ಸು, ಯಾವುದೋ ಟ್ರ್ಯಾಕ್ಸಿನ ಸೀಟು, ತಗಡಿನಂಗಡಿಯಲ್ಲಿ ಬಗ್ಗಿಸಿದ ಬಾಡಿ, ಮೇಲೆ ತಾಡಪತ್ರಿಯ ಹುಡ್. ಅಲಂಕಾರ ಸೊನ್ನೆ. ಪ್ರಸ್ತುತ ಲೇಖಕ ನಿಸ್ಸಂಕೋಚವಾಗಿ ದಕ್ಷಿಣಪಾಠದ ಪಕ್ಷಪಾತಿ. ಕಾರಣ ಪ್ರಾಂತಾಭಿಮಾನವಲ್ಲ. ಹಳೆಯ ಮಹೀಂದ್ರಾ ಜೀಪುಗಳ ಡೀಸೆಲ್ ಎಂಜಿನ್ನುಗಳಲ್ಲಿ ಒಂದು ವಂಶ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನದು. ಹಾಗಾಗಿ ಜೀಪಿನ ಮೇಸ್ತ್ರಿ ಊರಿಗೆ ಹೋದ ದಿನ ಟ್ರ್ಯಾಕ್ಟರಿನ ಮೇಸ್ತ್ರಿಯಾದರೂ ಬಂದು ಕೈಹಾಕುತ್ತಾನೆ. ಅವನಿಗೂ ಆಗದಿದ್ದರೆ ಬೈಯುವುದಕ್ಕಾದರೂ ಒಬ್ಬ ಸಿಕ್ಕಂತಾಯಿತು. ಡಬ್ವಾಲಿಯವನನ್ನು ಬೈಯಲು ಹಿಂದಿ ಕಲಿಯಬೇಕು.

ಪಡಿಯಚ್ಚು

ಸೂಡಿ, ಲಕ್ಕುಂಡಿಗಳ ಸುತ್ತ ಶಾಸನ ಓದುವವರು ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಮಸಿ ಬಡಿದು ಪಡಿಯಚ್ಚು ತೆಗೆಯುತ್ತಾರೆ. ಜೀಪಿಗೂ ಇದೇ ವಿಧಿ ಇದೆ, ಮತ್ತು ಅದನ್ನು ಆರ್‌ಟಿಒ ಕಚೇರಿಯೇ ಬೇಡುತ್ತದೆ. ಚಾಸಿಯ ಪಟ್ಟಿಯ ಮೇಲೆ ಕಂಪನಿಯವರು ಗುದ್ದಿದ ನಂಬರಿರುತ್ತದೆ. ಸೀಮೆಎಣ್ಣೆಯ ಅರಿವೆಯಿಂದ ಗ್ರೀಸು, ಮಣ್ಣು ಒರೆಸಿ, ಪಾಲೀಶ್ ಕಾಗದದಿಂದ ಮೆಲ್ಲಗೆ ತಿಕ್ಕಿ, ಮೇಲೆ ತೆಳ್ಳನೆಯ ಬಿಳಿ ಹಾಳೆ ಒತ್ತಿಹಿಡಿದು ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜಬೇಕು. ಒಂದೊಂದೇ ಅಂಕಿ ಬೆಳ್ಳಗೆ ಮೇಲೇಳುತ್ತದೆ. ಆಗ ನೋಡಬೇಕಾದ್ದು ಅಂಕಿಯನ್ನಷ್ಟೇ ಅಲ್ಲ, ಸಾಲನ್ನು. ಎಲ್ಲ ಅಂಕಿ ಒಂದೇ ಆಳ, ಒಂದೇ ಅಂತರವಿದ್ದರೆ ಮೂಲ. ನಡುವೆ ಒಂದು 3 ಕುಣಿಯುತ್ತಿದ್ದರೆ, ಒಂದು 8ರ ಹೊಟ್ಟೆಯಲ್ಲಿ ಹಳೆಯ 3 ಕಾಣುತ್ತಿದ್ದರೆ, ಸುತ್ತ ವೆಲ್ಡಿಂಗಿನ ಗಂಟಿದ್ದರೆ, ಅದು ಕೂಟಶಾಸನ. ಅಲ್ಲಿಂದ ಚಾ ಕುಡಿಯದೆ ಏಳಬೇಕು.

ಕಾಲನಿರ್ಣಯಕ್ಕೆ ನಂಬರ್ ಪ್ಲೇಟೂ ಸಹಾಯಕ. ಕೆಎ ಎಂಬ ಅಕ್ಷರಗಳು 1989ರ ನಂತರದವು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ನಮ್ಮ ಸೀಮೆಯ ಗಾಡಿ ಧಾರವಾಡದ ಕೆಎ–25 ಇದ್ದಿರಬಹುದು. "ಗದಗಿನ ಗಾಡೀನ ಐತ್ರಿ, ತೊಂಬತ್ನಾಕರ ಮಾಡೆಲ್" ಎಂದು ದಲಾಲಿ ಕೆಎ–26 ತೋರಿಸಿದರೆ ನಂಬರು ಮೊದಲಿನಿಂದಲೂ ಇದೇ ಇತ್ತೇ, ಇಲ್ಲವಾದರೆ ಯಾವಾಗ ಬದಲಾಯಿತು ಎಂದು ಕೇಳಲೇಬೇಕು. ಕಾಗದದಲ್ಲಿ ಉತ್ತರವಿದ್ದರೆ ಸರಿ. ಬಾಯಲ್ಲಿದ್ದರೆ ಬೇಡ.

ಪ್ರಕ್ಷಿಪ್ತ ಭಾಗಗಳು

ಒಡೆದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವೊಂದನ್ನು ಕಿಸೆಯಲ್ಲಿಟ್ಟುಕೊಂಡು ಹೋಗುವುದು ಸಂಶೋಧಕನ ಲಕ್ಷಣ. ಬಾಡಿಯ ಮೇಲೆ ಸರಿಸುತ್ತ ಹೋಗಬೇಕು. ತಗಡು ಇದ್ದಲ್ಲಿ ಅದು ಗಪ್ಪನೆ ಕಚ್ಚುತ್ತದೆ. ಪುಟ್ಟಿ ಮೆತ್ತಿದಲ್ಲಿ ಜಾರಿ ಕೈಗೆ ಬರುತ್ತದೆ. ಆದ್ದರಿಂದ ಮಾರುವ ಮುಂಚೆ ಬಣ್ಣ ಹೊಡೆಸಿದ ಗಾಡಿಗಿಂತ ಬಣ್ಣ ಹೋದ ಗಾಡಿಯೇ ಪ್ರಾಮಾಣಿಕ. ತುಕ್ಕು ಸುಳ್ಳು ಹೇಳುವುದಿಲ್ಲ.

ಎಂಜಿನ್ನಿನ ಪರೀಕ್ಷೆಗೆ ಹೇಳಿದ ಸಮಯಕ್ಕಿಂತ ಮೊದಲೇ ಹೋಗಬೇಕು. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ, ನೀವು ಬರುವ ಮುಂಚೆ ಅದನ್ನು ಯಾರೋ ನೂಕಿ ಎಬ್ಬಿಸಿದ್ದಾರೆ. ತಣ್ಣಗಿದ್ದು ಒಂದೇ ಸೆಲ್ಫ್‌ಗೆ ಎದ್ದರೆ ಅರ್ಧ ಗೆದ್ದಂತೆ. ಉಳಿದರ್ಧಕ್ಕೆ, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಬುಸ್ ಬುಸ್ ಎಂದು ಹೊಗೆ ಬಂದರೆ ಪಿಸ್ಟನ್ ರಿಂಗು ಹೋಗಿವೆ.

"ಅದು ಹಂಗs ರೀ, ಡೀಸೆಲ್ ಗಾಡಿ ಅಂದಮ್ಯಾಲೆ ಉಸುರು ಆಡಬೇಕಲ್ರಿ," ಎಂದು ದಲಾಲಿ ಟೀಕೆ ಬರೆಯುತ್ತಾನೆ. ಆ ಟೀಕೆಯನ್ನು ಮೂಲಕ್ಕೆ ಸೇರಿಸಬಾರದು.

ಫೋರ್ ವ್ಹೀಲಿನ ಬಗ್ಗೆ ವಿಶೇಷ ಎಚ್ಚರ ಬೇಕು. ಗೇರಿನ ಪಕ್ಕದಲ್ಲಿ ಎರಡನೆಯ ಲಿವರ್ ಇದ್ದ ಮಾತ್ರಕ್ಕೆ ಮುಂದಿನ ಗಾಲಿಗೆ ಶಕ್ತಿ ಹೋಗುತ್ತದೆಂದು ಊಹಿಸುವುದು ಅಶಾಸ್ತ್ರೀಯ. ಕೆಳಗೆ ಮಲಗಿ, ಮುಂದಿನ ಆಕ್ಸೆಲ್ಲಿಗೆ ಹೋಗುವ ಶಾಫ್ಟು ಇದೆಯೇ ನೋಡಬೇಕು. ಕೆಲವು ಗಾಡಿಗಳಲ್ಲಿ ಆ ಲಿವರ್ ಯಾವುದಕ್ಕೂ ಕೂಡಿರುವುದಿಲ್ಲ. ಕವಿ ಪಾದಪೂರಣಕ್ಕೆ ಹಾಕಿದ ಪದದ ಹಾಗೆ ಸುಮ್ಮನೆ ನಿಂತಿರುತ್ತದೆ. ಶ್ರಾವಣದ ಮಳೆಯಲ್ಲಿ, ಹೊಲದ ನಡುವೆ, ಅದನ್ನು ಎಳೆದಾಗಲೇ ಅರ್ಥವಾಗುತ್ತದೆ.

ರಾಜಶಾಸನ

ಇಷ್ಟು ಓದಿದವರು ಬಾಡಿ ಉದ್ದ ಮಾಡಿಸಬಹುದು, ಬೇರೆ ಕಂಪನಿಯ ಎಂಜಿನ್ ಕೂರಿಸಬಹುದು ಎಂದು ಕನಸು ಕಾಣತೊಡಗಿದ್ದರೆ ಅದನ್ನು ಇಲ್ಲಿಯೇ ನಿಲ್ಲಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇದಕ್ಕೆ ಅಡ್ಡ ನಿಂತಿದೆ. ಕಂಪನಿ ನಮೂದಿಸಿದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಎಂಜಿನ್ ಬದಲಿಸಿದ್ದರೆ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಾಗಿರಬೇಕು. ಖಾಸಗಿ ಗಾಡಿಯ ಆರ್‌ಸಿಗೆ ಹದಿನೈದು ವರ್ಷದ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದರ ಫೀ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ ಒಮ್ಮೆಲೇ 5,000 ಆಯಿತು. ಬಜೆಟ್ಟಿನಲ್ಲಿ ಇದನ್ನು ಬರೆದುಕೊಳ್ಳದವರು ಆ ದುಡ್ಡಿಗೆ ಟೇಪು ಹಾಕಿಸಿರುತ್ತಾರೆ.

ಇಲ್ಲಿಗೆ ನಮ್ಮ ಸಿದ್ಧಾಂತ ಹೊರಬೀಳುತ್ತದೆ. ಸಾಧಾರಣ ಬಜೆಟ್ಟಿನವನು ಕೊಳ್ಳುವುದು ಜೀಪನ್ನಲ್ಲ, ಒಂದು ನಂಬರನ್ನು, ಅದಕ್ಕೆ ಸರಿಹೊಂದುವ ಒಂದು ಆರ್‌ಸಿಯನ್ನು, ಮತ್ತು ಕೂಗಳತೆಯಲ್ಲಿರುವ ಒಬ್ಬ ಮೇಸ್ತ್ರಿಯನ್ನು. ಉಳಿದದ್ದೆಲ್ಲ ಪ್ರಕ್ಷಿಪ್ತ. ಆದರೆ ಸಾಹಿತ್ಯಕ್ಕೂ ಸಾರಿಗೆಗೂ ಇಲ್ಲೊಂದು ಭೇದವಿದೆ: ಕಾವ್ಯದಲ್ಲಿ ಪ್ರಕ್ಷಿಪ್ತವನ್ನು ತೆಗೆದುಹಾಕಿದರೆ ಮೂಲ ಉಳಿಯುತ್ತದೆ, ಜೀಪಿನಲ್ಲಿ ತೆಗೆದುಹಾಕಿದರೆ ನಡೆದು ಹೋಗಬೇಕಾಗುತ್ತದೆ.

ಮೌಖಿಕ ಪರೀಕ್ಷೆ

ಪಡಿಯಚ್ಚು, ಅಯಸ್ಕಾಂತ, ಕಲಮು ಎಲ್ಲದರಲ್ಲೂ ಪಾಸಾದ ಜೀಪು ಮನೆಯ ಅಂಗಳದಲ್ಲಿ ಬಂದು ನಿಂತಾಗ ಕಡೆಯ ಪರೀಕ್ಷೆ ನಡೆಯುತ್ತದೆ. ಪರೀಕ್ಷಕಿ ಮಂಡಿನೋವಿನ ಅವ್ವ. ಆಕೆ ಚಾಸಿ ನೋಡುವುದಿಲ್ಲ, ಹೊಗೆಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಲ್ಲದ ಆ ಎತ್ತರವನ್ನು ಅಳೆದು ಕೇಳುತ್ತಾಳೆ:

"ಎಲ್ಲಾ ಛಲೋ ಐತಿ ಯಪ್ಪಾ. ಇದರಾಗ ನಾ ಏರೂದು ಹೆಂಗ?"

"ಪಾವಟಿಗಿ ಹಾಕಸ್ತೀನಬೇ."

"ಮತ್ತ ಕಂಪನಿಯವ್ರು ಕೊಡದ್ದು ಹಾಕಸಬಾರ್ದು ಅಂತ ಏನೋ ಕಾಯ್ದಾ ಓದಿದ್ಯಲಾ ಈಗ?"

ಒಂದು ಅಡಿ ಅಗಲದ ಕಬ್ಬಿಣದ ಪಾವಟಿಗಿ 52ನೆಯ ಕಲಮಿನ ಪ್ರಕಾರ ಗಾಡಿಯ ರೂಪಾಂತರವೋ, ಅಥವಾ ಮಾತೃಸೇವೆಯೋ? ಈ ಪ್ರಶ್ನೆಯನ್ನು ಗದಗಿನ ಏಜೆಂಟರೊಬ್ಬರ ಮುಂದಿಟ್ಟಾಗ ಅವರು ಫಾರಂ 30ಕ್ಕೆ ಅವ್ವನ ಮಗನ ಸಹಿ ಹಾಕಿಸಿಕೊಳ್ಳುತ್ತ, "ಪಾಸಿಂಗ್ ಆಗೂತನಕಾ ಬಿಚ್ಚಿ ಇಡ್ರಿ, ಅವ್ವನ್ನ ಸಾಹೇಬರ ಮುಂದ ಕರಕೊಂಡ ಬರಬ್ಯಾಡ್ರಿ," ಎಂದರು.